ಅಂಗಳದಿಂದ ಕಚೇರಿಗೆ

ಕಾಲ್ಚೆಂಡಾಟದಲ್ಲಿ ಹೆಸರು ಗಳಿಸಿದವರಿಗೆ ಕ್ಲಬ್ಬಿನ ಆಡಳಿತವೂ ತಾನಾಗಿ ಒಲಿಯುವುದೆಂಬ ನಂಬಿಕೆ ಬಹುಜನರಲ್ಲಿದೆ. ಚೆಂಡನ್ನು ಬಲ್ಲವರು ಲೆಕ್ಕಪತ್ರವನ್ನೂ ಬಲ್ಲರೇ? ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಇತಿಹಾಸದಲ್ಲಿ ಇದಕ್ಕೆ ಸುಲಭವಾದ ಉತ್ತರ ದೊರೆಯದು.

1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ತಂಡದಲ್ಲಿದ್ದ ಉಲಿ ಹೋನೆಸ್ ಅವರು ಮೊಣಕಾಲಿನ ಗಾಯದಿಂದ ಆಟವನ್ನು ತೊರೆದು, 1979ರಲ್ಲಿ, ಕೇವಲ 27ನೆಯ ವಯಸ್ಸಿನಲ್ಲಿ, ಈ ಕ್ಲಬ್ಬಿನ ವ್ಯವಸ್ಥಾಪಕರಾದರು. ಕ್ಲಬ್ಬು ಆಗ ಸಾಲದ ಹೊರೆಯಿಂದ ಬಳಲುತ್ತಿತ್ತು. 1984ರಲ್ಲಿ ಅವರು, ಒಂದು ಕಾಲಕ್ಕೆ ತಮ್ಮೊಡನೆಯೇ ಆಡಿದ್ದ, ತಂಡದ ಜೀವಾಳವೇ ಆಗಿದ್ದ ರುಮ್ಮೆನಿಗೆಯವರನ್ನು ಇಟಲಿಯ ಇಂಟರ್ ಮಿಲಾನ್ ಕ್ಲಬ್ಬಿಗೆ ಬಿಟ್ಟುಕೊಟ್ಟು, ಬಂದ ಹಣದಿಂದ ಸಾಲವನ್ನು ತೀರಿಸಿದರು. ಗೆಳೆಯನನ್ನು ಹೀಗೆ ಕಳುಹಿಸಿಕೊಡುವ ಎದೆಗಾರಿಕೆಯನ್ನು ಯಾವ ಅಂಗಳವೂ ಕಲಿಸದು. ಅದನ್ನು ಕಚೇರಿಯಲ್ಲಿಯೇ ಕಲಿಯಬೇಕು. (ಅದೇ ರುಮ್ಮೆನಿಗೆಯವರು 2002ರಲ್ಲಿ ಅದೇ ಕ್ಲಬ್ಬಿನ ಮುಖ್ಯಾಧಿಕಾರಿಯಾದುದು ಸ್ವಾರಸ್ಯದ ಸಂಗತಿ.)

ಅವರ ತರುವಾಯ 2021ರಲ್ಲಿ ಆ ಪದವಿಗೆ ಬಂದವರು ಪ್ರಖ್ಯಾತ ಗೋಲುರಕ್ಷಕ ಆಲಿವರ್ ಕಾನ್. ಅವರ ಕೀರ್ತಿಗೇನೂ ಕೊರತೆಯಿರಲಿಲ್ಲ. ಆದರೂ 2023ರ ಮೇ 27ರಂದು, ತಂಡವು ಲೀಗ್ ಪ್ರಶಸ್ತಿಯನ್ನು ಗೆದ್ದ ದಿನವೇ, ಅವರ ಪದಚ್ಯುತಿಯ ಸುದ್ದಿ ಹೊರಬಿತ್ತು. ಬಯರ್ನಿನ ಗೋಲಿನ ಮುಂದೆ ಹದಿನಾಲ್ಕು ವರ್ಷ ನಿಂತಿದ್ದವರಿಗೆ ಮುಖ್ಯಾಧಿಕಾರಿಯ ಪೀಠದಲ್ಲಿ ಎರಡು ವರ್ಷವೂ ತುಂಬಲಿಲ್ಲ.