ಯಾರನ್ನು ಕೇಳಿದರು?

ಜನಾಭಿಪ್ರಾಯ ಸಮೀಕ್ಷೆಯಲ್ಲಿ ಎಷ್ಟು ಮಂದಿಯನ್ನು ಕೇಳಿದರೆಂಬುದಕ್ಕಿಂತ ಯಾರನ್ನು ಕೇಳಿದರೆಂಬುದೇ ಮುಖ್ಯವೆಂದು ನಾವು ಭಾವಿಸುತ್ತೇವೆ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. 20 ಲಕ್ಷಕ್ಕೂ ಮೀರಿ ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ, ಮೋಟಾರು ಉಳ್ಳವರ ಪಟ್ಟಿಗಳಿಂದ ಆಯ್ದುದರಿಂದ ಬಡವರು ಬಹುಪಾಲು ಹೊರಗುಳಿದಿದ್ದರು. ಉತ್ತರಿಸದವರ ಮನಸ್ಸೂ ಬೇರೆಯೇ ಇತ್ತು. ಅದಕ್ಕಿಂತ ಎಷ್ಟೋ ಕಡಿಮೆ ಮಂದಿಯನ್ನು ಕೇಳಿದ ಜಾರ್ಜ್ ಗ್ಯಾಲಪ್ ಅವರ ಎಣಿಕೆ ನಿಜವಾಯಿತು.

ನಮ್ಮ ದೇಶದಲ್ಲಿ ಸಮೀಕ್ಷಕರು ಮನೆ ಬಾಗಿಲಿಗೇ ಬರುವುದುಂಟು. ಆಗ ಜಗುಲಿಯ ಮೇಲಿನ ಯಜಮಾನರೇ ಎಲ್ಲರ ಪರವಾಗಿ ಉತ್ತರಿಸಿಬಿಡುತ್ತಾರೆ. ಬೆಲೆಯೇರಿಕೆ, ಮದ್ಯಪಾನಗಳ ಬಿಸಿ ತಟ್ಟುವುದು ಒಳಮನೆಗೆ. ಇನ್ನು ಮುಂದೆ ಅವರು ಬಂದಾಗ ತಾಯಂದಿರನ್ನೂ ಹೊರಗೆ ಕರೆಯಬೇಕೆಂದು ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.