ಬಾಗಿಲಲ್ಲೇ ನಿಂತ ಫೋನು



ನಮ್ಮ ಪುಣೆಯ ಮನೆಯ ರೂಟರ್ ಕೆಟ್ಟಾಗ ಮಗರಾಯ ಹೊಸದನ್ನು ಕೊಳ್ಳಲು ಬಿಡಲಿಲ್ಲ. ಹಳೆಯ ಕಂಪ್ಯೂಟರಿಗೆ ವೈಫೈ ಅಡಾಪ್ಟರ್ ಸಿಕ್ಕಿಸಿ, ಲಿನಕ್ಸಿನಲ್ಲಿ ಹೋಸ್ಟ್‌ಎಪಿಡಿ ಎಂಬ ತಂತ್ರಾಂಶ ಹಾಕಿ, ತಾನೇ ವೈಫೈ ಕೇಂದ್ರ ತಯಾರಿಸಿದ. ಅವನ ಹೊಸ ಫೋನು ತಟ್ಟನೆ ಸೇರಿಕೊಂಡಿತು. ನನ್ನ ಹಳೆಯದು ಮಾತ್ರ ಸೇರಲೊಲ್ಲದು.

"ಅಮ್ಮಾ, ಆ ಡಬ್ಬಾ ಒಗದ ಬಿಡು" ಎಂದ.

ಭಾನುವಾರ ಸಂಜೆ ಧಾರವಾಡದಿಂದ ನನ್ನ ತಾಯಿಯ ವಿಡಿಯೋ ಕರೆ ಬರುವುದು ಆ ಡಬ್ಬಾಕ್ಕೇ! ಮನೆಯೊಳಗೆ ಮೊಬೈಲ್ ಸಿಗ್ನಲ್ಲೂ ಸಾಲದು.

"ಒಗಿಯೂದು ಆಮ್ಯಾಲ. ಅದು ಎಲ್ಲಿ ನಿಂತದ ಅಂತ ಮೊದ್ಲು ನೋಡು" ಎಂದೆ. ಇಬ್ಬರೂ ಕೂತು ನೋಡಿದೆವು. ಅಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ವೈಫೈ ಸೇರುವುದೆಂದರೆ ಅತಿಥಿ ಮನೆಗೆ ಬಂದ ಹಾಗೆ. ಮೊದಲು ಮನೆಯ ಹೆಸರು ಕಾಣಬೇಕು, ಆಮೇಲೆ ಬಾಗಿಲು ತೆರೆಯಬೇಕು, ಕೊನೆಗೆ ಕೂರಲು ಮಣೆ ಸಿಗಬೇಕು.

ಹೆಸರೇ ಕಾಣದಿದ್ದರೆ ತರಂಗದ ತೊಂದರೆ ಇರಬಹುದು. ಅನೇಕ ಹಳೆಯ ಫೋನುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ಅವಕ್ಕೆ ಕಾಣದು. 2.4ರಲ್ಲೂ 12, 13ನೆಯ ಚಾನೆಲ್ ಕೆಲವು ಸಾಧನಗಳಿಗೆ ಸಿಗುವುದಿಲ್ಲ. 1, 6 ಅಥವಾ 11 ಇಟ್ಟರೆ ಒಳ್ಳೆಯದು.

ಒಳಗೆ ಬಂದೂ 'ವಿಳಾಸ ಪಡೆಯಲಾಗುತ್ತಿದೆ' ಎಂದು ನಿಂತರೆ, ಅಥವಾ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಮಣೆ ಹಾಕುವವರಿಲ್ಲ ಎಂದರ್ಥ. ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ಪರೀಕ್ಷಿಸಿ.

ನನ್ನ ಫೋನಿಗೆ ಹೆಸರು ಕಾಣುತ್ತಿತ್ತು, ಪಾಸ್‌ವರ್ಡೂ ಸರಿಯಿತ್ತು. ಅದು ನಿಂತದ್ದು ಬಾಗಿಲಲ್ಲಿ. ಮಗ 2018ರಲ್ಲಿ ಬಂದ ಡಬ್ಲ್ಯುಪಿಎ 3 ಎಂಬ ಭದ್ರತೆಯೊಂದನ್ನೇ ಇಟ್ಟಿದ್ದ. ನನ್ನ ಫೋನು ಬಲ್ಲದ್ದು 2004ರ ಡಬ್ಲ್ಯುಪಿಎ 2 ಮಾತ್ರ. ಹೋಸ್ಟ್‌ಎಪಿಡಿಯ ಕಡತದಲ್ಲಿ 'ಎಸ್‌ಎಇ' ಎಂದಿದ್ದ ಸಾಲಿಗೆ 'ಡಬ್ಲ್ಯುಪಿಎ-ಪಿಎಸ್‌ಕೆ' ಎಂದೂ ಸೇರಿಸಿದ. ನಿರ್ವಹಣಾ ಸಂದೇಶಗಳ ರಕ್ಷಣೆ ಕಡ್ಡಾಯ ಎಂದಿದ್ದುದನ್ನು ಐಚ್ಛಿಕ ಮಾಡಿದ, ಅಂದರೆ 2 ಇದ್ದಲ್ಲಿ 1. ಫೋನು ಒಳಗೆ ಬಂತು! ಹಳೆಯ ಭದ್ರತೆ ಹೊಸದರಷ್ಟು ಬಿಗಿಯಲ್ಲ. ಆದ್ದರಿಂದ ಪಾಸ್‌ವರ್ಡ್ ಉದ್ದ ಮಾಡಿಕೊಂಡೆವು. 63 ಅಕ್ಷರಗಳವರೆಗೆ ಇಡಬಹುದು.

"ಎರಡೆರಡು ಯಾಕ ಬೇಕು ಅಮ್ಮಾ?" ಎಂದು ಗೊಣಗಿದ.

"ನೀ ಹೊರಗ ಮರಾಠಿ ಆಡ್ತೀ, ಅಜ್ಜಿ ಕೂಡ ಕನ್ನಡ ಆಡ್ತೀ. ಮರಾಠಿ ಒಂದೇ ಬರತಿದ್ರ ಅಜ್ಜಿ ಏನ್ ಮಾಡಬೇಕಿತ್ತು?" ಎಂದೆ.

ಮಾತಾಡಲಿಲ್ಲ. ಆದರೆ ಆ ಭಾನುವಾರ ಅಜ್ಜಿಯ ಕರೆ ಬಂದಾಗ ನನ್ನ ಡಬ್ಬಾ ಫೋನನ್ನು ಮೊದಲು ಎತ್ತಿಕೊಂಡವನು ಅವನೇ.