ಅರಿವು ಕುಂದಿದ ಅಂಗಾಲಿಗೆ ನಡಿಗೆಯ ಅಭ್ಯಾಸ

ಬಹುಕಾಲದಿಂದ ಮಧುಮೇಹವುಳ್ಳ ಹಿರಿಯರಲ್ಲಿ ಕೆಲವರು, ತಮಗೆ ನೆಲದ ಮೇಲೆ ನಡೆದಂತಾಗದೆ ಮಡಿಚಿಟ್ಟ ಕಂಬಳಿಯ ಮೇಲೆ ನಡೆದಂತಾಗುತ್ತದೆಂದು ಹೇಳುವುದುಂಟು. ಕಾಲಿನಿಂದ ಚಪ್ಪಲಿ ಕಳಚಿದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ತಿಳಿಯುತ್ತದೆ. ಮನೆಯವರು ಇದನ್ನು ಮುಪ್ಪಿನ ಲಕ್ಷಣವೆಂದು ಬಗೆದು, "ಅಪ್ಪಾರ, ನೀವು ಎಲ್ಲಿಗೂ ಹೋಗಬ್ಯಾಡ್ರಿ, ಕುಂದರ್ರಿ" ಎಂದು ಕಟ್ಟೆಯ ಮೇಲೆ ಕೂಡ್ರಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡಿದ ಈ ಉಪಚಾರವು ಅವರ ಕಾಲನ್ನು ಮತ್ತಷ್ಟು ಕುಂದಿಸುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಅತಿ ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ತೊಂದರೆ ಕಾಲ್ಬೆರಳುಗಳಿಂದ ಆರಂಭವಾಗುತ್ತದೆ. ನೋವು, ಬಿಸಿ ತಿಳಿಯದಾಗುವುದಷ್ಟೇ ಅಲ್ಲ, ಪಾದವು ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬ ಅರಿವೂ ಕುಗ್ಗುತ್ತದೆ. ಬೆಟಗೇರಿಯ ನೇಕಾರನು ಕಣ್ಣನ್ನು ನೂಲಿನ ಮೇಲಿಟ್ಟು, ಮಗ್ಗದ ಕುಣಿಯೊಳಗಿನ ಹಲಗೆಯನ್ನು ನೋಡದೆಯೇ ತುಳಿಯುತ್ತಾನಲ್ಲ, ಆ ಅರಿವು ಇದೇ. ಅದು ಕುಂದಿದವರು ಕಣ್ಣಿನ ಆಸರೆಯಿಂದ ನಡೆಯುತ್ತಾರೆ. ಆದ್ದರಿಂದಲೇ ಕತ್ತಲಲ್ಲಿ, ಇಲ್ಲವೆ ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಜೋಲಿ ತಪ್ಪಿ ಬೀಳುತ್ತಾರೆ.

ಹುಣ್ಣಾದೀತೆಂಬ ಭಯದಿಂದ ಹಿಂದೆ ವೈದ್ಯರೂ ಇಂಥವರಿಗೆ ಹೆಚ್ಚು ನಡೆಯಬಾರದೆಂದೇ ಹೇಳುತ್ತಿದ್ದರು. ಅಮೆರಿಕದಲ್ಲಿ 79 ಜನರನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಲಿಗೆ ಬಲ ತುಂಬಿಕೊಂಡು ಕ್ರಮವಾಗಿ ನಡಿಗೆ ಹೆಚ್ಚಿಸಿದವರಿಗೆ ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ಹುಣ್ಣುಗಳೇನೂ ಆಗಲಿಲ್ಲ. ಪಾದಗಳ ಆರೈಕೆ ಮಾತ್ರ ಎರಡೂ ಗುಂಪಿನವರಿಗೆ ಇತ್ತೆಂಬುದನ್ನು ಮರೆಯಬಾರದು. ಹೋದ ಸ್ಪರ್ಶಜ್ಞಾನ ವ್ಯಾಯಾಮದಿಂದ ಪೂರ್ತಿ ಮರಳುತ್ತದೆಂದು ನಾವು ಹೇಳಲಾರೆವು. ಮೀನಖಂಡದ ಬಲ ಮತ್ತು ದೇಹದ ಸಮತೋಲ ಸುಧಾರಿಸಬಲ್ಲವು. ನಡಿಗೆಗೆ ಅವು ಸಣ್ಣ ಲಾಭವಲ್ಲ.

ಭೌತಚಿಕಿತ್ಸಕರು ಕಲಿಸುವ ಅಭ್ಯಾಸ ಸರಳವಾದುದು. ಕುಳಿತು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು. ಮಗನೋ ಸೊಸೆಯೋ ಪಕ್ಕದಲ್ಲಿರಬೇಕು. ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿ ವಾರವಾರವೂ ತುಸು ಹೆಚ್ಚಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡಿರಲಿ. ಆದರೆ ಪಾದದಲ್ಲಿ ಹುಣ್ಣಿದ್ದರೆ, ಅಥವಾ ನೋವಿಲ್ಲದೆಯೇ ಪಾದ ಕೆಂಪಾಗಿ ಬಾತು ಬಿಸಿಯಾಗಿದ್ದರೆ, ಒಳಗಿನ ಎಲುಬುಗಳು ಮುರಿಯುತ್ತಿರಬಹುದು. ಆ ಕಾಲಿನ ಮೇಲೆ ಭಾರ ಹಾಕದೆ ಅಂದೇ ವೈದ್ಯರನ್ನು ಕಾಣಬೇಕು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರು ಮೊದಲು ತಮ್ಮೂರ ಸರಕಾರಿ ಆಸ್ಪತ್ರೆಯಲ್ಲಿ ಪಾದ ತೋರಿಸಿ, ಭೌತಚಿಕಿತ್ಸೆಯ ವಿಚಾರವನ್ನು ತಾವಾಗಿಯೇ ಕೇಳುವುದು ಒಳಿತು. ಕೇಳದಿದ್ದರೆ ಗುಳಿಗೆಯ ಚೀಟಿಯಷ್ಟೇ ಕೈಗೆ ಬರುವುದುಂಟು.

ನಮ್ಮ ಭಾಗದ ತೊಡಕು ಇನ್ನೊಂದಿದೆ. ಗದಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಎಲ್ಲಿಗೆ ಹೋದರೂ ನಾವು ಪಾದರಕ್ಷೆ ಬಿಟ್ಟೇ ಒಳಗೆ ಹೋಗುವವರು. ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಉಳಿದವರು ಓಡಿ ದಾಟುತ್ತಾರೆ; ಅರಿವಿಲ್ಲದ ಪಾದದವರು ನಿಧಾನವಾಗಿ ನಡೆದು ಬರುತ್ತಾರೆ. ಮನೆಗೆ ಬಂದ ಮೇಲೆ ಬೊಬ್ಬೆ ಕಾಣಿಸುತ್ತದೆ. ಅದು ಬಲಿತು ಬೆರಳನ್ನೋ ಪಾದವನ್ನೋ ಕಳೆದುಕೊಂಡವರಿದ್ದಾರೆ. ಇಂಥ ಹಿರಿಯರು ಬಿಸಿಲೇರುವ ಮುನ್ನ ದರ್ಶನ ಮುಗಿಸಲಿ, ದಪ್ಪನೆಯ ಹತ್ತಿಯ ಕಾಲುಚೀಲ ಧರಿಸಲಿ. ಜಾತ್ರಾ ಸಮಿತಿಯವರು ಅಂಗಳದುದ್ದಕ್ಕೂ ನಾರಿನ ಹಾಸು ಹಾಸಿ ನೀರು ಚಿಮುಕಿಸಿದರೆ ಎಷ್ಟೋ ಪಾದಗಳು ಉಳಿದಾವು.

ಉಳಿದ ದಿನಗಳಲ್ಲಿ ಮನೆಯೊಳಗೂ ಬರಿಗಾಲು ಬೇಡ. ಹಿಂಬದಿಗೆ ಪಟ್ಟಿಯಿರುವ, ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಉತ್ತಮ. ಹೊಲದ ದಾರಿಯ ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಬಂದರೂ ಅವರಿಗೆ ತಿಳಿಯದು. ಆದುದರಿಂದ ಮೆಟ್ಟುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಮಲಗುವಾಗ ಮೊಮ್ಮಕ್ಕಳಿಂದ ಅಂಗಾಲು, ಬೆರಳ ಸಂದು ನೋಡಿಸಿಕೊಳ್ಳಬೇಕು.